ಲಾರಿಯ ಮೇಲೆ ಬಂದ ಮನೆ

ಮಂಜು ಇನ್ನೂ ಹರಿದಿಲ್ಲ, ರಾಣೆಬೆನ್ನೂರು ಬಿಟ್ಟು ಇಷ್ಟು ದೂರ ಬಂದರೂ ಮುಂದಿನ ಗಾಜಿನ ಮೇಲೆ ಮಜ್ಜಿಗೆ ಚೆಲ್ಲಿದ ಹಾಗಿದೆ, ವೈಪರು ಅತ್ತ ಒರೆಸಿದರೆ ಇತ್ತ ಮತ್ತೆ ಕೂಡಿಕೊಳ್ಳುತ್ತದೆ, ಕಾರ್ತಿಕದ ಬೆಳಗು ಎಂದರೆ ಹೀಗೆಯೇ, ಎಲೆ ಅಲುಗುವಷ್ಟೂ ಗಾಳಿಯಿಲ್ಲ, ಹೆದ್ದಾರಿಯ ಬದಿಗೆ ಗೋವಿನಜೋಳದ ಹೊಲವಿದೆಯೋ ಬರೀ ಬಯಲಿದೆಯೋ ಅಲ್ಲಾಹನೇ ಬಲ್ಲ — ಅಲ್ಲಾಬಕ್ಷ ಕ್ಯಾಬಿನ್ನಿನ ಹಿಂದಿನ ಕಿಂಡಿಯೊಳಗಿಂದ ಮತ್ತೆ ತಿರುಗಿ ನೋಡಿದ, ಮನೆ ಇದೆ, ಹಗ್ಗ ಬಿಗಿಯಾಗಿದೆ, ತಗಡಿನ ಗೋಡೆ ಇಬ್ಬನಿಗೆ ಬೆವತಿದೆ. ತಾನೇ ಕಟ್ಟಿದ ಮನೆ, ತನ್ನ ಶೆಡ್ಡಿನಲ್ಲಿ, ಒಳಗೆ ಸ್ವಿಚ್ಚಿನ ಕಪಾಟು, ಮೀಟರು, ಒಂದೊಂದು ವೈರಿಗೂ ಒಂದೊಂದು ಚೀಟಿ, ಎಲ್ಲ ಕೂಡಿಸಿ, ದೀಪ ಹತ್ತಿಸಿ ನೋಡಿ, ಆಮೇಲೆ ಲಾರಿಗೆ ಏರಿಸಿದ್ದು, ಬ್ಯಾಡಗಿಗೆ ಹೋಗಿ ಇಳಿಸಿದರೆ ವಿದ್ಯುತ್ ಕೇಂದ್ರ ಸಿದ್ಧ, ಅಲ್ಲಿಯೇ ಕಲ್ಲು ಹೊತ್ತು ಗೋಡೆ ಏರಿಸಿ ಒಣಗಿಸಿ ವೈರು ಎಳೆಯುವುದಾದರೆ ವರ್ಷ ಹಿಡಿಯುತ್ತಿತ್ತು, ಖರ್ಚೂ ಅಷ್ಟೇ, ಈಗ ಮೆಣಸಿನಕಾಯಿ ಸುಗ್ಗಿಗೆ ಮುಂಚೆಯೇ ಕರೆಂಟು ಎಂದು ಹಾವೇರಿಯ ಇಂಜಿನಿಯರು ವಿರೂಪಾಕ್ಷ ಸಾಹೇಬರು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಾರೆ. ಆ ವರ್ಷದ ಗೋಡೆಯ ಕೆಲಸ ಅಣ್ಣನದಾಗುತ್ತಿತ್ತು. ಗೂಡುಸಾಬ, ಬ್ಯಾಡಗಿಯ ಗೌಂಡಿ, ಒಂದೇ ತಾಯಿಯ ಹಾಲು ಕುಡಿದವನು — ಸುದ್ದಿ ಕೇಳಿ ನಕ್ಕಿದ್ದ, ಮನಿ ಅಂದ್ರ ನೆಲದಾಗ ಹುಟ್ಟಬೇಕೋ ತಮ್ಮಾ, ಬೆನ್ನ ಮ್ಯಾಲೆ ಮನಿ ಹೊತಗೊಂಡ ತಿರಗಾಕ ನೀ ಏನ ಬಸವನಹುಳಾನ? ನಕ್ಕಿದ್ದೇ ಕಡೆ, ಆಮೇಲೆ ಮಾತಿಲ್ಲ, ಬಕ್ರೀದಿನ ದಿನ ಈದ್ಗಾದಲ್ಲಿ ಊರೆಲ್ಲ ಅಪ್ಪಿಕೊಳ್ಳುವಾಗ ಇವನು ಹತ್ತಿರ ಹೋಗಿ ಸಲಾಂ ಹೇಳಿದ್ದ, ಅಣ್ಣನ ಬಲಗೈ ಹೆಗಲ ವಲ್ಲಿಯ ಕೆಳಗೇ ಇತ್ತು, ಏಳಲಿಲ್ಲ. ಆ ಕೈ. ಸಲಾಂ ಹೇಳೂದು ನಿನ್ನ ಖುಷಿ, ತಿರುಗಿ ಹೇಳೂದು ನಿನ್ನ ಮ್ಯಾಲಿನ ಸಾಲ, ಗೌಂಡಿಯೇ ಆಗಿದ್ದ ಅಪ್ಪ, ಅಬ್ಬಾ, ಅನ್ನುತ್ತಿದ್ದ. ಶರೀಫಾಬಿಗೆ ಹೇಳಿಕೊಂಡರೆ ಅವಳು ಹಿಟ್ಟು ನಾದುತ್ತಲೇ, ಸಲಾಮಿನ ಜವಾಬು ಅವರು ಕೊಡದಿದ್ರ ಫರಿಶ್ತೆ ಕೊಡ್ತಾರ ಬಿಡ್ರಿ, ಅಂದಳು, ಹೆಂಡತಿಯ ಮಾತು ಖರೆ, ದೇವದೂತರು ಕೊಟ್ಟಿರಬಹುದು, ಆದರೆ ಇವನಿಗೆ ಬೇಕಾದದ್ದು ಸಿಮೆಂಟು ಹತ್ತಿದ ಆ ಕೈ.

ಮೋಟೆಬೆನ್ನೂರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೇ ಡ್ರೈವರ್ ಮೈಲಾರಪ್ಪ ಆ ಮಾತು ಆಡಿದ್ದು, ಬಾಯಿಗೆ ಬಂದದ್ದನ್ನು ಆಡುವವನು, ಬಶಿಯಲ್ಲಿ ಚಹಾ ಆರಿಸುತ್ತ, ನೀವು ಅಡಿಪಾಯಕ್ಕಂತ ನನ್ನ ಲಾರ್ಯಾಗ ಕಬ್ಬಿಣದ ಅಚ್ಚು ಕೊಟ್ಟ ಕಳಿಸಿದ್ರಲ್ರಿ ಮಿಸ್ತ್ರಿ, ಗುದ್ದಲಿ ಪೂಜಿ ದಿನ ನಾನ ಅದಕ್ಕ ಕುಂಕುಮ ಹಚ್ಚಿದೆ, ನೀವು ಒಂದ ಮೂಲಿಗಷ್ಟ ಕೆಂಪು ಬಳದಿದ್ರಿ, ಉಳದ ಮೂರೂ ಬೋಳ ಕಾಣತಿದ್ದೂ, ದೇವರಿಗೆ ಒಂದ ಮೂಲಿ ಹೆಚ್ಚು ಒಂದ ಮೂಲಿ ಕಡಿಮಿ ಅಂತ ಇರತೈತೇನ್ರಿ, ಎಣ್ಯಾಗ ಕಲಸಿ ನಾಕಕ್ಕೂ ದಪ್ಪಗ ಬಳದಬಿಟ್ಟೆ. ಅಲ್ಲಾಬಕ್ಷ ಬಶಿಯನ್ನು ಬೆಂಚಿನ ಮೇಲಿಟ್ಟ. ತಾನು ಬಳಿದ ಕೆಂಪು ಬಣ್ಣ ಪೂಜೆಯದಲ್ಲ, ಗುರುತು — ಕೆಂಪು ಮೂಲೆ ಟ್ರಾನ್ಸ್‌ಫಾರ್ಮರಿನ ಕಟ್ಟೆಯ ಕಡೆಗೆ ಬರುವಂತೆ ಅಚ್ಚು ಇಟ್ಟು, ಅದರ ತೂತುಗಳಲ್ಲಿ ಬೋಲ್ಟು ನಿಲ್ಲಿಸಿ ಕಾಂಕ್ರೀಟು ಸುರಿ ಎಂದು ಸಾಹೇಬರ ಬಾಯಿಂದ ಅಣ್ಣನಿಗೆ ಹೇಳಿಸಿದ್ದ, ಅಡಿಪಾಯದ ಕೆಲಸವಾದರೂ ಅಣ್ಣನಿಗೇ ಇರಲಿ ಎಂದು ತಾನೇ ಅಂಗಲಾಚಿ ಕೊಡಿಸಿದ್ದು, ಈಗ ನಾಲ್ಕೂ ಮೂಲೆ ಕೆಂಪು, ಅವನು ಯಾವುದನ್ನು ನಂಬಿದನೋ, ಹಿಂದುಮುಂದಾಗಿದ್ದರೆ ಮನೆಯ ಬೆನ್ನು ಟ್ರಾನ್ಸ್‌ಫಾರ್ಮರಿಗೆ ಬಿತ್ತು, ಅಳೆದು ಕತ್ತರಿಸಿದ ಕೇಬಲ್ಲು ಮುಟ್ಟುವುದಿಲ್ಲ, ಕಾಂಕ್ರೀಟು ಒಡೆಯಬೇಕು, ಸುಗ್ಗಿ ಹೋಯಿತು — ಹೋಗಲಿ, ಅದೂ ಹೋಗಲಿ, ಯಾರು ಇಟ್ಟದ್ದು ಎಂದು ಕೇಳುತ್ತಾರಲ್ಲ, ಮಂದಿಯೆದುರು ಅಣ್ಣನ ಹೆಸರು ಹೇಳಬೇಕಲ್ಲ, ಹೇಳಿದ ಮೇಲೆ ಆ ಕೈ ಈ ಜನ್ಮದಲ್ಲಿ ಏಳುತ್ತದೆಯೇ. ಕುಂಕುಮ ಹಚ್ಚಿದವನ ಮೇಲೆ ಸಿಟ್ಟು ಮಾಡಲೂ ಆಗದು, ಭಕ್ತಿಯಿಂದ ಹಚ್ಚಿದ್ದಾನೆ. ಸಾಹೇಬರು ನೋಡಿ ಬಂದು ಬೋಲ್ಟು ನೆಟ್ಟಗಿವೆ, ಆಳ ಸರಿ ಇದೆ ಅಂದಿದ್ದರು, ಮುಖ ಯಾವ ಕಡೆಗೆ ಎಂದು ತಾನು ಕೇಳಲಿಲ್ಲ, ಒಂದು ಸಲ ಬಸ್ಸು ಹತ್ತಿ ಹೋಗಿ ಟೇಪು ಹಿಡಿದಿದ್ದರೆ ಮುಗಿಯುತ್ತಿತ್ತು, ಹೋಗಲಿಲ್ಲ, ಹೋದರೆ ಸಲಾಂ ಹೇಳಬೇಕಾಗುತ್ತಿತ್ತು, ಅದು ಮತ್ತೆ ನೆಲಕ್ಕೆ ಬೀಳುತ್ತಿತ್ತು, ದೂರದಲ್ಲೇ ಮನೆ ಕಟ್ಟಬಹುದು ಎಂದು ಕಲಿತವನು ದೂರದಲ್ಲೇ ಅಣ್ಣತಮ್ಮಂದಿರೂ ಆಗಿರಬಹುದು ಎಂದುಕೊಂಡನೇ, ಯಾ ಅಲ್ಲಾ. ರೈಲಿನ ಗೇಟು ಹಾಕಿದೆ, ಗೂಡ್ಸ್ ಗಾಡಿ ಮುಗಿಯುವುದೇ ಇಲ್ಲ, ಡಬ್ಬಿಯ ಹಿಂದೆ ಡಬ್ಬಿ, ತುಟಿ ತಾನಾಗಿಯೇ ದುರೂದ್ ಪ್ರಾರ್ಥನೆ ಹೇಳುತ್ತಿದೆ, ಮೈಲಾರಪ್ಪ ಓರೆಗಣ್ಣಿಂದ ನೋಡಿ, ಯಾಕ್ರಿ ಮಿಸ್ತ್ರಿ, ಹೆಣ್ಣ ನೋಡಾಕ ಹೊಂಟವರಂಗ ಬೆವರಾಕತ್ತೀರಿ.

ಮಂಜು ಅಂಚಿನಿಂದ ಕರಗುತ್ತಿದೆ, ಬಯಲು, ಟ್ರಾನ್ಸ್‌ಫಾರ್ಮರಿನ ಕಟ್ಟೆ, ದೂರದಿಂದ ಬಂದ ಕ್ರೇನಿನ ಉದ್ದ ಕುತ್ತಿಗೆ, ಕೊಡೆ ಮಡಚಿ ಹಿಡಿದ ಸಾಹೇಬರು, ಅವರಾಚೆ ನೆಲದ ಮೇಲೆ ಸಾಲಾಗಿ ಗೋಣಿತಟ್ಟು ಹೊದ್ದ ಅಡಿಪಾಯ, ಅದರ ತಲೆಯ ಕಡೆ ಕುಕ್ಕರಗಾಲಲ್ಲಿ ಕುಳಿತ ಅಣ್ಣ. ಲಾರಿ ನಿಲ್ಲುವ ಮೊದಲೇ ಇವನು ಇಳಿದ, ಸಲಾಂ ಹೇಳದೆ ನೇರ ಅಡಿಪಾಯದ ಬಳಿಗೆ ನಡೆದ, ಅಣ್ಣ ಇವನತ್ತ ನೋಡದೆ ಒಂದೊಂದೇ ತಟ್ಟು ಎತ್ತಿ ಮಡಚಿ ಬದಿಗಿಟ್ಟ, ಒಳಗೆ ಒಂದೊಂದು ಬೋಲ್ಟಿಗೂ ಗ್ರೀಸು ಸವರಿ ಹಳೆ ಲುಂಗಿಯ ಚಿಂದಿ ಸುತ್ತಿದೆ, ಎಳೆಗೂಸಿನ ಬೆರಳಿಗೆ ಸುತ್ತಿದ ಹಾಗೆ, ಮತ್ತು — ಒತ್ತೊತ್ತಾದ ಬೋಲ್ಟುಗಳು, ಕೆಂಪು ಮೂಲೆಯವು, ಭಾರದ ಸ್ವಿಚ್ಚಿನ ಕಪಾಟು ಕೂರುವ ಕಡೆಯವು, ಕಟ್ಟೆಯ ಬದಿಗೇ ಇವೆ. ಕಟ್ಟೆಯ ಬದಿಗೆ. ಇನ್ನೊಮ್ಮೆ ನೋಡಿದ, ಅತ್ತ ಹೋಗಿ ನೋಡಿದ, ಇತ್ತ ಬಂದು ನೋಡಿದ, ಸರಿಯಾಗಿದೆ, ಅಲ್ಲಿಯೇ ಮಣ್ಣಿನ ಗುಡ್ಡೆಯ ಮೇಲೆ ಕುಳಿತುಬಿಟ್ಟ, ಬೇಸಿಗೆಯಲ್ಲಿ ಮೊದಲ ಮಳೆ ಬಿದ್ದಾಗ ನೆಲ ಉಸಿರು ಬಿಡುತ್ತದಲ್ಲ, ಹಾಗೆ ಮೈಯೊಳಗಿನದೆಲ್ಲ ಹೊರಗೆ ಹೋಯಿತು, ಹಿಂದಿನಿಂದ ಮೈಲಾರಪ್ಪನ ದನಿ, ನಾಕೂ ಮೂಲಿ ಕೆಂಪಿದ್ದೂ, ನಿಮ್ಗ ಹೆಂಗ ಗೊತ್ತಾತ್ರಿ ಸಾಬರ? ಅಣ್ಣ ತಟ್ಟು ಮಡಚುತ್ತಲೇ, ತೊಳದೆ, ಅಂದ. ಕುಂಕುಮ ಹೋತು, ಬಣ್ಣ ಉಳೀತು. ಅಷ್ಟೇ. ಅಷ್ಟೇ ಹೌದು, ಕೆಲಸದ ಸಾಮಾನು ತೊಳೆಯದೆ ಬಿಸ್ಮಿಲ್ಲಾ ಹೇಳಬಾರದು, ಅಬ್ಬಾನ ಪದ್ಧತಿ, ಕೈಕಾಲು ತೊಳೆದು ನಮಾಜಿಗೆ ನಿಲ್ಲುವ ಹಾಗೆ ಗಾರೆಯ ಕರಣಿ, ತೂಗುಗುಂಡು ತೊಳೆದು ಗೋಡೆಗೆ ನಿಲ್ಲಬೇಕು, ಚಳಿಗಾಲದಲ್ಲಿ ತಣ್ಣೀರಿಗೆ ಹೆದರಿ ತಾನು ಓಡಿಹೋಗುತ್ತಿದ್ದಾಗ ತನ್ನ ಪಾಲಿನ ಕರಣಿಯನ್ನೂ ಅಣ್ಣನೇ ತೊಳೆದಿಡುತ್ತಿದ್ದ, ಈಗ ಸಿಟ್ಟಿನಲ್ಲಿದ್ದವನೂ ತಮ್ಮನ ಅಚ್ಚನ್ನು ತೊಳೆದಿದ್ದಾನೆ, ತೊಳೆದ ಕೈ ಅದೇ.

ಕ್ರೇನು ಮನೆಯನ್ನು ಎತ್ತಿತು, ತಗಡಿನ ಗೋಡೆಯಿಂದ ಇಬ್ಬನಿ ಹನಿ ಹನಿಯಾಗಿ ಉದುರಿತು, ಮೆಲ್ಲಗ, ಮೆಲ್ಲಗ ಬಿಡ್ರೀ ಎಂದು ಯಾರೋ ಅನ್ನುತ್ತಿದ್ದಾರೆ, ಮನೆ ಗಾಳಿಯಲ್ಲಿ ಸ್ವಲ್ಪ ತಿರುಗಿತು, ಆ ಮೂಲೆಗೆ ಅಣ್ಣ, ಈ ಮೂಲೆಗೆ ಇವನು, ಯಾರೂ ನಿಲ್ಲಿಸಿದ್ದಲ್ಲ, ಇಬ್ಬರೂ ಅಂಗೈ ಕೊಟ್ಟು ಅದನ್ನು ಹಿಡಿದರು, ಬಾಣಂತಿಯ ಪಕ್ಕಕ್ಕೆ ಕೂಸು ಮಲಗಿಸುವ ಹಾಗೆ ಇಳಿಸಿದರು, ಬೋಲ್ಟು ತೂತಿಗೆ ಏರಿತು, ಒಂದೂ ತಕರಾರು ಮಾಡಲಿಲ್ಲ, ಸಾಹೇಬರು ಕನ್ನಡಕ ಒರೆಸಿಕೊಂಡರು, ಅವರ ಕಣ್ಣೂ ಒದ್ದೆ ಇರಬೇಕು. ನಟ್ಟು ಬಿಗಿಯುವ ಸದ್ದು ಸುತ್ತ ಕೇಳುತ್ತಿದೆ, ಬಿಸಿಲು ಎಳೆಯದಾಗಿ ತಗಡಿಗೆ ಹತ್ತಿದೆ, ಎದೆಯಲ್ಲಿ ಈಗ ಏನೂ ಇಲ್ಲ, ಖಾಲಿ, ಹಗುರ, ಅಲ್‌ಹಮ್ದುಲಿಲ್ಲಾಹ್, ಇಷ್ಟೇ ಸಾಕು, ಸಲಾಂ ಇಂದೂ ಹೇಳುವುದು ಬೇಡ, ಒಳ್ಳೆಯ ದಿನ ಕೆಡದಿರಲಿ, ಅಂದುಕೊಂಡು ನಿಂತಾಗ ಅಣ್ಣ ಬಂದ, ಬಾಗಿಲ ಚೌಕಟ್ಟನ್ನು ಬೆರಳಿಂದ ಒಮ್ಮೆ ಸವರಿ ನೋಡಿದ, ಚಲೋ ಕುಂತೈತಿ ಎಂದ, ಮನೆಗೆ ಅಂದನೋ ತನಗೆ ಅಂದನೋ, ಆಮೇಲೆ ಬಲಗೈಯನ್ನು ಲುಂಗಿಗೆ ಒರೆಸಿಕೊಂಡ, ಒರೆಸಿದರೂ ಹೋಗದ ಸಿಮೆಂಟಿನ ಬಿಳಿ, ಉಗುರಿನ ಸುತ್ತ, ಗೆರೆಗಳ ಒಳಗೆ, ಆ ಕೈ ಮೇಲೆ ಏಳುತ್ತಿದೆ, ವಲ್ಲಿಯ ಮಟ್ಟ ದಾಟಿತು, ಇಂದು ಯಾರೂ ಸಲಾಂ ಹೇಳಿರಲಿಲ್ಲ, ಬಕ್ರೀದಿನ ಆ ಸಲಾಮಿನ ನಂತರ ಯಾರೂ ಹೇಳಿರಲಿಲ್ಲ, ಆದರೂ ಮೆಲ್ಲಗೆ, ಇವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ವಾಲೇಕುಂ ಸಲಾಂ, ಅಂದ — ಹಣೆಯ ಹತ್ತಿರ ಬಂದು ನಿಂತ ಆ ಕೈ, ಬಿಳಿ, ಆ ಕೈ.