ಲ್ಯಾಮಿನೇಶನ್ ಮಾಡಿಸಿದ ಪತ್ರ

ಬಸ್ಸಿನ ಚಾವಣಿಯಲ್ಲಿ ಬಿಸಿಲಿನ ತುಂಡೊಂದು ಕುಣಿಯುತ್ತಿದೆ, ಎಲ್ಲಿಂದ ಬಂತು ಇದು ಎಂದು ನಾಗಶ್ರೀ ನೋಡಿದರೆ ತನ್ನ ತೊಡೆಯ ಮೇಲಿನ ಕಾಗದದಿಂದಲೇ, ಕಾಗದ ಎಲ್ಲಿ ಬಂತು, ಈಗದು ಪ್ಲಾಸ್ಟಿಕ್ಕು, ಗಟ್ಟಿ, ಫಳಫಳ, ಗಾಳಿ ಬೀಸಿಕೊಳ್ಳಬಹುದು, ಅದೊಂದಕ್ಕೇ ಲಾಯಕ್ಕು — ಮದ್ದೂರು ಬಂದು ಹತ್ತು ನಿಮಿಷವಾಯಿತು, ಟೀಗೆ ಇಳಿದ ಡ್ರೈವರು ಟೀ ಸೊಪ್ಪು ಕೀಳಲು ತೋಟಕ್ಕೇ ಹೋದನೋ ಏನೋ, ಕಾಲೇಜು ಬದಲಿಸಲು ಇವತ್ತೇ ಕೊನೇ ದಿನ, ಐದಕ್ಕೆ ಮುಗಿಯಿತು, ಅಷ್ಟರೊಳಗೆ ಮಳವಳ್ಳಿ ಕಾಲೇಜಿನಿಂದ ಹೊಸ ಪತ್ರ ಬರೆಸಿಕೊಂಡು ಮತ್ತೆ ಮಂಡ್ಯದ ಕಾಲೇಜಿಗೆ ಓಡದಿದ್ದರೆ ಇನ್ನೊಂದು ವರ್ಷ ಇದೇ ಬಸ್ಸು, ಹೊಳಲಿನಿಂದ ಮಂಡ್ಯ, ಮಂಡ್ಯದಿಂದ ಮದ್ದೂರು, ಮದ್ದೂರಿನಿಂದ ಮಳವಳ್ಳಿ, ಮೊದಲ ಪೀರಿಯಡ್ಡು ಒಂದು ದಿನವೂ ಸಿಗದೆ ಹೋದ ಸಲವೇ ಹಾಜರಿ ಎಪ್ಪತ್ತೈದರ ಅಂಚಿಗೆ ಬಂದಿತ್ತು, ಈ ಸಲ ಪರೀಕ್ಷೆಗೇ ಕೂರಿಸುವುದಿಲ್ಲ. ಒಂದೇ ಯೂನಿವರ್ಸಿಟಿ, ಅದೇ ಪುಸ್ತಕ, ಅದೇ ಪ್ರಶ್ನೆಪತ್ರಿಕೆ, ಬದಲಾಗಬೇಕಾದ್ದು ಕೂರುವ ಬೆಂಚೊಂದು, ಅದಕ್ಕೆ ಹನ್ನೊಂದು ದಿನ ಅಲೆದಾಟ, ಆಸ್ಪತ್ರೆ ಅಟೆಂಡರ್ ಆದ ಅಪ್ಪನನ್ನು ಮಳವಳ್ಳಿಯಿಂದ ಮಂಡ್ಯಕ್ಕೆ ಎತ್ತಿಹಾಕಲು ಮಾತ್ರ ಒಂದು ಬೆಳಿಗ್ಗೆ ಸಾಕಾಯಿತು, ಮನೆ ಹೊಳಲಿಗೆ ಬಂತು, ಇವಳ ಕಾಲೇಜು ಅಲ್ಲೇ ಉಳಿಯಿತು. ಮಳವಳ್ಳಿಯವರು, ನಮ್ಮ ಆಕ್ಷೇಪಣೆ ಇಲ್ಲ, ಎಂದು ಬರೆದು ಪ್ರಿನ್ಸಿಪಾಲರ ಸಹಿ ಹಾಕಿಸಿ ಸೀಲು ಒತ್ತಿಕೊಟ್ಟಿದ್ದರು, ಅದರ ಕೆಳಗೆ ಮಂಡ್ಯದವರು ಒಪ್ಪಿದ್ದೇವೆ ಎಂದು ಇನ್ನೊಂದು ಸೀಲು ಒತ್ತಬೇಕು, ಅಷ್ಟೇ, ಅಷ್ಟಕ್ಕೇ ಆ ಜಾಗ ಖಾಲಿ ಬಿಟ್ಟಿದ್ದರು, ಅಪ್ಪ ಅದನ್ನು ರಾತ್ರೋರಾತ್ರಿ ಲ್ಯಾಮಿನೇಶನ್ ಮಾಡಿಸಿಕೊಂಡು ಬಂದ! ಅದಕ್ಕೂ ಮುಂಚೆ ಅವ್ವ ಲಗ್ನಪತ್ರಿಕೆಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದಳು, ಈಗ ಅರಿಶಿನವೂ ಒಳಗೆ, ಪ್ರಿನ್ಸಿಪಾಲರೂ ಒಳಗೆ, ಇವಳೊಬ್ಬಳೇ ಹೊರಗೆ.

ಮಂಡ್ಯದ ಗುಮಾಸ್ತೆ ಸೀಲು ಒತ್ತಿಯೂ ನೋಡಿದಳು ಪಾಪ, ನೇರಳೆ ವೃತ್ತ ಒಂದು ಗಳಿಗೆ ನಿಂತಿತು, ಹೆಬ್ಬೆರಳಲ್ಲಿ ಒರೆಸಿದಳು, ಇಲ್ಲ, ಏನೂ ಇಲ್ಲ, ಇದ್ರ ಮೇಲೆ ಸೀಲು ಎಂಗಮ್ಮ ನಿಲ್ತದೆ, ಯಾರ ಬುದ್ಧಿ ಇದು. ಅಪ್ಪನ ಮೇಲೆ ಎಷ್ಟು ಸಿಟ್ಟಿದೆ ಅಂದರೆ ಬೆಳಿಗ್ಗೆಯಿಂದ ಅವನ ಎರಡು ಫೋನು ಎತ್ತಿಲ್ಲ, ಬಸ್ಸು ಹೊರಟಿದೆ, ದೊಡ್ಡಿ ಸ್ಟಾಪು ದಾಟಿದೆ, ಕಬ್ಬಿನ ಗಾಡಿಯ ಹಿಂದೆ ತೆವಳುತ್ತಿದೆ, ಪತ್ರ ಬೆವರಿಗೆ ಕೈಗಂಟುತ್ತದೆ, ಬಿಡಿಸಿದರೆ ಮೂಲೆಯ ಹಳದಿ ಹಾಗೇ — ರಾತ್ರಿ ಅಪ್ಪ ಅಂದಿದ್ದ, ನನ್ನ ಎಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಸೋರೋ ಮನೇಲಿ ನೆಂದು ಅಕ್ಸರಾನೇ ಓಯ್ತು ಕಣವ್ವ, ನಕಲು ತೆಗಸೋ ಅಷ್ಟೊತ್ಗೆ ಗುಮಾಸ್ತೆ ಕೆಲ್ಸ ಇನ್ನೊಬ್ರ ಪಾಲಾಯ್ತು, ನಿಂದು ಅಂಗಾಗ್ಬಾರ್ದು. ಮಂಚದ ತುದಿಯಲ್ಲಿ ಕೂತು ಅದನ್ನು ಲೈಟಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ದ ಅಪ್ಪ ಮರಿಸಿದ್ದಯ್ಯ, ಅವನು ತೆಗೆದ ಫಸ್ಟ್ ಕ್ಲಾಸೇ ಮರಳಿ ಬಂದ ಹಾಗೆ, ನೀರು ಬಿದ್ರೂ ಏನಾಗಕಿಲ್ಲ ನೋಡು, ಆಗ ಬೈಯಲು ಆಗಲಿಲ್ಲ, ಈಗ ಬೈಯೋಣವೆಂದರೆ ಯಾರನ್ನು.

ಮಳವಳ್ಳಿ, ಎರಡೂವರೆ, ಸೂಪರಿಂಟೆಂಡೆಂಟ್ ಕೆಂಪಸಿದ್ದಯ್ಯ ಊಟ ಮುಗಿಸಿ ಬಂದಿದ್ದಾರೆ ಸದ್ಯ, ಹೊಸ ಪತ್ರ ಟೈಪಾಗಿದೆ, ಸಹಿ ಆಗಿದೆ, ಸೀಲಾಗಿದೆ, ಮೇಜಿನ ಮೇಲೆ ಇದೆ, ಕೈ ಚಾಚಿದರೆ ಸಿಗುತ್ತದೆ, ಆದರೆ ಹಳೆಯದರ ಮೇಲೆ ರದ್ದು ಎಂದು ಬರೆಯದೆ ಹೊಸದನ್ನು ಕೊಡುವಂತಿಲ್ಲವಂತೆ, ಬರೆಯಲು ಹೋದರೆ ಪೆನ್ನು ಜಾರುತ್ತದೆ, ಅಯ್ಯೋ ಈ ಪೆನ್ನಿಗೂ ಗೊತ್ತಾಯಿತೇ, ಮೂರು ಪೆನ್ನು ಜಾರಿದವು, ಅವರು ಕನ್ನಡಕ ತೆಗೆದು ಖಾನೆಯಿಂದ ಕತ್ತರಿ ಕೊಟ್ಟರು, ನೀನೇ ಕುಯ್ದು ಎರಡು ತುಂಡು ಮಾಡ್ಬುಡು ಕಣಮ್ಮ, ರದ್ದಾದಂಗೇಯ. ಅಷ್ಟೇ ತಾನೇ, ಮೂರರ ಬಸ್ಸು ಹಿಡಿದರೆ ನಾಲ್ಕೂವರೆಗೆ ಮಂಡ್ಯ, ಬೆಳಿಗ್ಗೆಯಿಂದ ಇದನ್ನು ಹರಿದು ಹಾಕಬೇಕೆಂದೇ ಕುದಿಯುತ್ತಿದ್ದಳಲ್ಲ, ಮೂಲೆಯಿಂದ ಕತ್ತರಿ ಇಟ್ಟಳು, ಫೋನು ಅದುರಿತು, ಅಪ್ಪ, ಎತ್ತಿದಳು ಈ ಸಲ, ಆಯ್ತೇನವ್ವ, ಪತ್ರ ನೋಡಿ ಏನಂದ್ರು, ಚೆನ್ನಾಗಿಟ್ಕಂಡಿದೀಯ ಅಂದ್ರಾ, ಹೂಂ ಅಂದ್ರು ಕಣಪ್ಪ, ಚೆನ್ನಾಗೈತೆ ಅಂದ್ರು — ಬೇಗ ಕಣಮ್ಮ, ಕೆಂಪಸಿದ್ದಯ್ಯ ಕೈ ಚಾಚಿದ್ದಾರೆ, ಬೇಗ, ಕತ್ತರಿಯ ಎರಡು ಅಲಗಿನ ನಡುವೆ ಅರಿಶಿನ, ಅವ್ವನ ಬೆರಳಿನ ಗೆರೆಯೂ ಕಾಣುವಂಥ ಅರಿಶಿನ, ಒತ್ತಬೇಕು, ಅರಿಶಿನ, ಇಷ್ಟೇ ಇಷ್ಟು ಅರಿಶಿನ