ಅದು ಏನೂ ಮಾಡಲ್ಲ, ಬನ್ನಿ

ನಮ್ಮ ಬೀದಿಯಲ್ಲಿ ಒಂದು ನಾಯಿ ಇದೆ. ಹೀಗೆ ಶುರು ಮಾಡಿದ ಕೂಡಲೇ ‘ನಮ್ಮ ಬೀದಿಯಲ್ಲೂ ಇದೆ’ ಎಂದು ನಿಮ್ಮಲ್ಲಿ ಅರ್ಧ ಜನ ಹೇಳುತ್ತೀರಿ ಅಂತ ಗೊತ್ತು. ಅದಕ್ಕೇ ಈ ಮಾತು ಎತ್ತಿದ್ದೇನೆ.

ನಾನು ಆರೋಗ್ಯ ಕೇಂದ್ರದಲ್ಲಿ ನರ್ಸ್. ನಮ್ಮ ಮನೆಯಿಂದ ಮೂರನೆಯದು ಬೀಗದಣ್ಣನ ಮನೆ. ಬೀಗ ರಿಪೇರಿ ಮಾಡುವುದು, ಕಳೆದುಹೋದ ಕೀಲಿಗೆ ಬದಲಿ ಮಾಡಿಕೊಡುವುದು ಅವರ ಕಸುಬು. ಮುಂದಿನ ಕೋಣೆಯೇ ಅಂಗಡಿ. ಗೋಡೆ ತುಂಬ ಮೊಳೆಗೆ ನೇತುಹಾಕಿದ ಕೀಲಿಗಳು, ಮೇಜಿನ ಮೇಲೆ ಕೀಲಿ ಉಜ್ಜುವ ಅರ, ಅದರ ಸುತ್ತ ಹಿತ್ತಾಳೆಯ ಪುಡಿ. ಗಿರಾಕಿಗಳು ಬಂದು ಹೋಗಬೇಕಲ್ಲ, ಹಾಗಾಗಿ ಗೇಟು ಬೆಳಿಗ್ಗೆಯಿಂದ ಸಂಜೆಯವರೆಗೆ ಹಾರುಹೊಡೆದೇ ಇರುತ್ತಿತ್ತು. ಊರಿಗೆಲ್ಲ ಬೀಗ ಹಾಕಿಕೊಡುವವರ ಗೇಟಿಗೇ ಚಿಲಕ ಇಲ್ಲ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅವರೂ ನಗುತ್ತಿದ್ದರು.

ಅವರ ನಾಯಿಯ ಹೆಸರು ಪೈಲ್ವಾನ. ಅಂಗೈಯಗಲದ ಮರಿಯಾಗಿದ್ದಾಗ ತಂದು ಸಾಕಿದರು. ಎರಡೇ ವರ್ಷದಲ್ಲಿ ಹೆಸರಿಗೆ ತಕ್ಕ ಹಾಗೆ ಬೆಳೆಯಿತು. ಕಂದು ಮೈ, ಅಗಲ ಎದೆ, ದಪ್ಪ ಕುತ್ತಿಗೆ. ಮನೆಯವರ ಮಟ್ಟಿಗೆ ಅದು ಮಗುವೇ. ಬೀಗದಣ್ಣನ ಹೆಂಡತಿ ತರಕಾರಿ ಹೆಚ್ಚಲು ಕೂತರೆ ಅವರ ಪಾದದ ಮೇಲೆ ತಲೆಯಿಟ್ಟು ಮಲಗುತ್ತಿತ್ತು. ಗೇಟು ದಾಟಿ ಬೀದಿಗೆ ಬಂತೆಂದರೆ ಅದು ಬೇರೆಯೇ ನಾಯಿ.

ಒಂದು ಸಲ ಗ್ಯಾಸ್ ಸಿಲಿಂಡರ್ ತರುವವರು ಅದಕ್ಕೆ ಹೆದರಿ ಸಿಲಿಂಡರನ್ನು ಬೀದಿಯಲ್ಲೇ ಉರುಳಿಸಿ ನಮ್ಮ ಕಾಂಪೌಂಡ್ ಗೋಡೆ ಹತ್ತಿ ನಿಂತರು. ಬೀಗದಣ್ಣ ಅಂಗಡಿಯೊಳಗಿಂದಲೇ ಕೂಗಿ ಹೇಳಿದರು:

“ಅದು ಏನೂ ಮಾಡಲ್ಲ, ಬನ್ನಿ! ನೀವು ಹೆದರಿಕೊಂಡ್ರಿ, ಅದಕ್ಕೇ ಅಟ್ಟಿಸ್ಕೊಂಡು ಬಂತು.”

ಗೋಡೆ ಮೇಲಿದ್ದವರು, “ಇಳಿದ ಮೇಲೆ ಹೆದರಲ್ಲ ಸ್ವಾಮಿ, ಮೊದಲು ಅದನ್ನ ಒಳಗೆ ಕರ್ಕೊಳ್ಳಿ” ಎಂದರು. ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ. ಈಗ ನೆನೆಸಿಕೊಂಡರೆ ನಗು ಬರುವುದಿಲ್ಲ.

ಅವತ್ತು ಸಂಜೆ ಅವರ ಅಂಗಡಿಗೆ ಹೋಗಿ ಹೇಳಿದೆ.

“ಅಣ್ಣ, ಗೇಟಿಗೊಂದು ಚಿಲಕ ಹಾಕ್ಸಿ. ಹೊರಗೆ ಬಿಡೋವಾಗ ಬೆಲ್ಟು, ಹಗ್ಗ ಹಾಕ್ಕೊಂಡು ನೀವೇ ಹಿಡ್ಕೊಂಡು ಹೋಗಿ.”

“ಸಿಸ್ಟರ್, ಪೈಲ್ವಾನ ನನ್ನ ಒಂದೇ ಮಾತಿಗೆ ನಿಲ್ತಾನೆ. ನೋಡ್ತೀರಾ? ಪೈಲ್ವಾನ್, ಕೂತ್ಕೊ!”

ಅದು ಕೂತಿತು. ಬಾಲ ನೆಲಕ್ಕೆ ಬಡಿಯುತ್ತ ನನ್ನನ್ನೇ ನೋಡಿತು.

“ಈಗ ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ ಅಣ್ಣ. ಸಿಟ್ಟು ಬಂದಾಗ ಕೂರುತ್ತಾ? ಹೋಗ್ಲಿ, ಹುಚ್ಚುನಾಯಿ ರೋಗದ ಲಸಿಕೆನಾದ್ರೂ ಹಾಕ್ಸಿದೀರಾ?”

“ಮರಿ ಇದ್ದಾಗ ಒಂದು ಹಾಕ್ಸಿದ್ದೆ.”

“ಅದು ಒಂದು ಸಲಕ್ಕೆ ಮುಗಿಯಲ್ಲ. ಡಾಕ್ಟರು ಹೇಳಿದ ಹಾಗೆ ಮತ್ತೆ ಮತ್ತೆ ಹಾಕಿಸ್ತಾ ಇರಬೇಕು.”

“ಮನೆ ಅನ್ನ ತಿನ್ನೋ ನಾಯಿಗೆ ಯಾವ ರೋಗ ಬರುತ್ತೆ ಬಿಡಿ ಸಿಸ್ಟರ್.”

ಎರಡು ತಿಂಗಳಾದ ಮೇಲೆ ಅದು ಶಾಲೆಗೆ ಹೋಗುತ್ತಿದ್ದ ಹುಡುಗಿಯೊಬ್ಬಳ ಬ್ಯಾಗು ಹಿಡಿದು ಹರಿದುಹಾಕಿತು. ಆಗ ಮತ್ತೆ ಹೇಳಿದೆ. ಈ ಸಲ ಬೀಗದಣ್ಣನ ಮುಖ ಸಣ್ಣದಾಯಿತು. “ನಿಮಗೆ ನಾಯಿ ಕಂಡ್ರೇ ಆಗಲ್ಲ” ಅಂದವರು ಒಂದು ವಾರ ನನ್ನ ಕಡೆ ತಿರುಗಿ ನೋಡಲಿಲ್ಲ. ಪುರಸಭೆಗೆ ಒಂದು ಅರ್ಜಿ ಕೊಡೋಣ ಎಂದು ಬರೆಯಲು ಕೂತೆ. ಎರಡು ಸಾಲು ಬರೆದು, ದಿನಾ ಮುಖ ನೋಡಬೇಕಾದವರ ಜೊತೆ ಯಾಕೆ ನಿಷ್ಠುರ ಎಂದು ಹಾಳೆ ಮಡಚಿಟ್ಟೆ. ಮೂರನೇ ಸಲ ಹೇಳಲಿಲ್ಲ. ಹೇಳುವುದೇ ನನ್ನ ಕೆಲಸ, ಆದರೂ ಹೇಳಲಿಲ್ಲ.

ಬೀದಿಯ ಆ ತುದಿಯಲ್ಲಿ ಟೈಲರ್ ಅಕ್ಕನ ಅಂಗಡಿ. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಹೊಲಿಗೆಯಲ್ಲೇ ಓದಿಸಿ, ಮದುವೆ ಮಾಡಿ ಕಳಿಸಿದವರು. ಅವರು ಬಟ್ಟೆ ಕತ್ತರಿಸುವುದನ್ನು ನೋಡಬೇಕಿತ್ತು. ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದು ಕತ್ತರಿ ಇಟ್ಟರೆ ಒಂದೇ ಓಟ, ನಡುವೆ ನಿಲ್ಲಿಸುವ ಮಾತಿಲ್ಲ. ಗಿರಾಕಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಅಳತೆ ಹೇಳಿಬಿಡುತ್ತಿದ್ದರು. ಟೇಪು ಹಿಡಿದು ನೋಡಿದರೆ ಅಷ್ಟೇ ಇರುತ್ತಿತ್ತು.

ಒಂದು ದಿನ ಬೀಗದಣ್ಣನಿಗೆ ಮಧ್ಯಾಹ್ನ ಒಂದು ದೊಡ್ಡ ಕಚೇರಿಯಲ್ಲಿ ಕೆಲಸವಿತ್ತು. ಅಲ್ಲಿಗೆ ಹಾಕಿಕೊಂಡು ಹೋಗಲು ಹೊಸ ಅಂಗಿ ಹೊಲಿಯಲು ಕೊಟ್ಟಿದ್ದರು. ಬೆಳಿಗ್ಗೆ ಹತ್ತೂವರೆಗೆ ಟೈಲರ್ ಅಕ್ಕನಿಗೆ ಫೋನ್ ಮಾಡಿದರು. ಈ ಮಾತುಕತೆಯನ್ನು ಆಮೇಲೆ ಬೀಗದಣ್ಣನೇ ನನಗೆ ಒಂದಕ್ಷರ ಬಿಡದೆ ಹೇಳಿದ್ದು.

“ಅಕ್ಕ, ಅಂಗಿ ಆಯ್ತಾ? ಇಲ್ಲಿ ಗಿರಾಕಿ ಕೂತಿದಾರೆ. ನೀವೇ ಒಂಚೂರು ತಂದ್ಕೊಡ್ತೀರಾ?”

“ತರ್ತೀನಿ. ನಾಯಿ ಕಟ್ಟಿದೀರಾ?”

“ಅದು ಏನೂ ಮಾಡಲ್ಲ, ಬನ್ನಿ ಅಕ್ಕ.”

ಅಕ್ಕ ಅಂಗಿಗೆ ಇಸ್ತ್ರಿ ಹಾಕಿ, ಮಡಚಿ, ಪೇಪರಿನಲ್ಲಿ ಸುತ್ತಿಕೊಂಡು ಬಂದರು. ಪೈಲ್ವಾನ ಗಿರಾಕಿಯ ಸ್ಕೂಟರಿನ ನೆರಳಲ್ಲಿ ಮಲಗಿತ್ತು. ಗೇಟಿನ ಹತ್ತಿರ ಬಂದ ಅಕ್ಕ ಅದನ್ನು ಕಂಡು ಗಕ್ಕನೆ ನಿಂತರು. ಪೊಟ್ಟಣವನ್ನು ಎದೆಗೆ ಒತ್ತಿಕೊಂಡರು. ನಾಯಿ ಎದ್ದಿತು. ಅವರು ತಿರುಗಿ ಎರಡು ಹೆಜ್ಜೆ ಓಡಿದರು ಅಷ್ಟೆ. ಹಿಂದಿನಿಂದ ಹಾರಿ ಕೆಡವಿತು. ಮುಖ ಉಳಿಸಿಕೊಳ್ಳಲು ಕೈ ಅಡ್ಡ ಹಿಡಿದರು. ಅದು ಆ ಕೈಯನ್ನೇ ಕಚ್ಚಿ ಹಿಡಿಯಿತು. ಬಲಗೈ.

ನನಗೆ ಆ ದಿನ ರಜೆ. ಕೂಗು ಕೇಳಿ ಓಡಿ ಬಂದೆ. ಬೀಗದಣ್ಣ ಕೈಯಲ್ಲಿದ್ದ ಅರವನ್ನು ಎಸೆದು ಬಂದಿದ್ದರು. “ಪೈಲ್ವಾನ್, ಬಿಡು! ಕೂತ್ಕೊ! ಕೂತ್ಕೊ!” ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ನಾಯಿಗೆ ಕೇಳಿಸಲೇ ಇಲ್ಲ. ಕೊನೆಗೆ ಅವರ ಹೆಂಡತಿ ಒಂದು ಬಕೆಟ್ ನೀರು ತಂದು ಅದರ ಮುಖಕ್ಕೆ ರಾಚಿದ ಮೇಲೆ ಬಾಯಿ ಬಿಟ್ಟಿತು. ಬೀಗದಣ್ಣ ಅದನ್ನು ಎಳೆದೊಯ್ದು ಕೋಣೆಯಲ್ಲಿ ಕೂಡಿಹಾಕಿದರು.

ಅತ್ತಿಗೆ, ಅಂದರೆ ಬೀಗದಣ್ಣನ ಹೆಂಡತಿ, ಒಳಗಿನಿಂದ ಕಾಫಿಪುಡಿ ಡಬ್ಬಿ ತಂದರು. “ರಕ್ತ ನಿಲ್ಲುತ್ತೆ, ಒತ್ತಿ ಹಿಡೀರಿ.”

“ಬೇಡ ಅತ್ತಿಗೆ! ಕಾಫಿಪುಡಿ, ಸುಣ್ಣ, ಖಾರದಪುಡಿ, ಏನೂ ಹಾಕ್ಬಾರ್ದು. ನಲ್ಲಿ ಎಲ್ಲಿ? ಸೋಪು ಕೊಡಿ.”

ಧಾರೆ ಬಿಟ್ಟ ನೀರಿನ ಕೆಳಗೆ ಕೈಯಿಟ್ಟು ಸೋಪು ಹಾಕಿ ತೊಳೆದೆ. ಅಕ್ಕ ನೋವಿಗೆ ಹಲ್ಲು ಕಚ್ಚಿಕೊಂಡಿದ್ದರು.

“ಸಾಕು ಸಿಸ್ಟರ್...”

“ಇನ್ನೂ ಸ್ವಲ್ಪ ಅಕ್ಕ. ಹದಿನೈದು ನಿಮಿಷ ತೊಳೀಲೇಬೇಕು. ರೋಗದ ವೈರಸ್ ಜೊಲ್ಲಲ್ಲಿ ಇರುತ್ತೆ.”

ಆಟೋದಲ್ಲಿ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಅಕ್ಕ ತಮ್ಮ ಕೈ ನೋಡಿಕೊಳ್ಳಲಿಲ್ಲ. ಮಡಿಲಲ್ಲಿದ್ದ ಪೊಟ್ಟಣ ನೋಡಿ, “ಅಂಗಿ ಹಾಳಾಯ್ತಲ್ಲ, ಕಾಲರ್ ಚೆನ್ನಾಗಿ ಕೂತಿತ್ತು” ಎಂದರು. ಮುಂದೆ ಡ್ರೈವರ್ ಪಕ್ಕದಲ್ಲಿ ಕೂತಿದ್ದ ಬೀಗದಣ್ಣ ಮುಖ ಮುಚ್ಚಿಕೊಂಡರು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ನಾಯಿಗೆ ಲಸಿಕೆ ಆಗಿದೆಯಾ?”

ಬೀಗದಣ್ಣ ನನ್ನ ಮುಖ ನೋಡಿದರು. ಆಮೇಲೆ, “ಮರಿ ಇದ್ದಾಗ ಒಂದೇ ಸಲ” ಎಂದರು.

ಆಗಿದ್ದರೂ ಅಕ್ಕನಿಗೆ ಚಿಕಿತ್ಸೆ ಬೇಕೇ ಬೇಕಿತ್ತು. ಆಮೇಲಿನವು ಆಗಿಲ್ಲದ್ದರಿಂದ ಹೆದರಿಕೆ ಹತ್ತು ಪಾಲು ಹೆಚ್ಚಿತು. ಗಾಯದ ಒಳಗೂ ಸುತ್ತಲೂ ಸೂಜಿ ಚುಚ್ಚಿ ಸೀರಮ್ ಎಂಬ ಔಷಧಿ ಕೊಟ್ಟರು. ಲಸಿಕೆಯ ಮೊದಲ ಡೋಸ್ ಹಾಕಿ, ಉಳಿದವುಗಳ ತಾರೀಖುಗಳನ್ನು ಚೀಟಿಯಲ್ಲಿ ಬರೆದುಕೊಟ್ಟರು. “ಒಂದೂ ತಪ್ಪಿಸಬೇಡಿ. ಈ ರೋಗ ಕಾಣಿಸಿಕೊಂಡ ಮೇಲೆ ನಾವು ಮಾಡೋಕೆ ಏನೂ ಉಳಿಯಲ್ಲ. ನಾಯೀನ ಹತ್ತು ದಿನ ಕಟ್ಟಿಹಾಕಿ ಗಮನಿಸಿ, ರೋಗ ಇದ್ರೆ ಅಷ್ಟರಲ್ಲಿ ಗೊತ್ತಾಗುತ್ತೆ” ಎಂದರು.

ಆ ಹತ್ತು ದಿನ ಬೀಗದಣ್ಣ ಬೀಗ ಮುಟ್ಟಲಿಲ್ಲ. ನಾಯಿ ನೀರು ಕುಡಿಯಿತೇ, ಅನ್ನ ತಿಂದಿತೇ ಎಂದು ಗಂಟೆಗೊಮ್ಮೆ ನೋಡುತ್ತಿದ್ದರು. ಈ ನಡುವೆ ಬೀದಿಯ ಕೆಲವರು “ಅದಕ್ಕೆ ವಿಷ ಹಾಕಿಬಿಡೋಣ” ಎಂದರು. ಹಾಗೆ ಮಾಡುವುದು ತಪ್ಪು. ನಾಯಿ ಸತ್ತರೆ ರೋಗ ಇತ್ತೋ ಇಲ್ಲವೋ ಎಂದು ಗಮನಿಸುವ ದಾರಿಯೂ ಮುಚ್ಚುತ್ತದೆ ಎಂದು ಮನೆಮನೆಗೆ ಹೋಗಿ ಹೇಳಿದೆ. ಹತ್ತನೇ ದಿನವೂ ಪೈಲ್ವಾನ ಗಟ್ಟಿಮುಟ್ಟಾಗಿತ್ತು. ಅಕ್ಕನ ಜೀವಕ್ಕೆ ಅಪಾಯ ತಪ್ಪಿತು.

ಕೈಗೆ ತಪ್ಪಲಿಲ್ಲ. ಹೆಬ್ಬೆರಳನ್ನು ಮಡಿಸುವ ನರ ಹರಿದಿತ್ತು. ಆಪರೇಷನ್ ಆಯಿತು, ತಿಂಗಳುಗಟ್ಟಲೆ ವ್ಯಾಯಾಮವೂ ಆಯಿತು. ಬೆರಳು ಅರ್ಧ ಬಾಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಕತ್ತರಿಯ ಬಳೆಯೊಳಗೆ ಹೆಬ್ಬೆರಳು ತೂರುತ್ತದೆ, ಒತ್ತಲು ಬಲ ಬರುವುದಿಲ್ಲ.

ನಾಯಿಯ ಹತ್ತು ದಿನ ಮುಗಿದ ಕೂಡಲೇ ಬೀಗದಣ್ಣ ಅಕ್ಕನ ಅಂಗಡಿಗೆ ಹೋಗಿದ್ದರು, ನಾನೂ ಜೊತೆಗಿದ್ದೆ. ಹೊಲಿಗೆ ಮೆಷಿನ್ನಿಗೆ ಬಟ್ಟೆ ಹೊದಿಸಿತ್ತು. ಕತ್ತರಿಸದ ಬಟ್ಟೆಗಳನ್ನು ಅಕ್ಕ ಒಂದೊಂದಾಗಿ ಗಿರಾಕಿಗಳಿಗೆ ವಾಪಸ್ ಕೊಡುತ್ತಿದ್ದರು.

ಬೀಗದಣ್ಣ ಬಾಗಿಲಲ್ಲೇ ನಿಂತರು. “ಅಕ್ಕ, ಯಾವ ಮುಖ ಇಟ್ಕೊಂಡು ಒಳಗೆ ಬರ್ಲಿ?”

“ಇರೋ ಮುಖ ಇಟ್ಕೊಂಡೇ ಬನ್ನಿ. ಕೂತ್ಕೊಳ್ಳಿ.”

ಅವರು ಕೂತರು. ಅಕ್ಕ ಇನ್ನೊಂದು ಬಟ್ಟೆ ಮಡಚಿಟ್ಟರು. ಆಮೇಲೆ ಅಕ್ಕನೇ ಹೇಳಿದರು.

“ಕಚ್ಚೋಕ್ಕಿಂತ ಮೊದಲು ನಾಲ್ಕು ತಿಂಗಳಿಂದ ನಾನು ನಿಮ್ಮ ಮನೆ ಮುಂದೆ ಓಡಾಡ್ತಿರ್ಲಿಲ್ಲ, ಗೊತ್ತಾ? ಹಿಂದಿನ ಬೀದಿ ಸುತ್ಕೊಂಡು ಹೋಗ್ತಿದ್ದೆ. ಮಂಡಿ ನೋವಲ್ಲೂ. ಅವತ್ತು ನೀವು ಕರೆದ್ರಿ ಅಂತ ಬಂದೆ.”

“ನನಗೊಂದು ಮಾತು ಹೇಳ್ಬಾರ್ದಿತ್ತಾ ಅಕ್ಕ?”

“ಸಿಸ್ಟರ್ ಹೇಳಿದ್ರಲ್ಲ. ಕೇಳಿದ್ರಾ?”

ಬೀಗದಣ್ಣ ಬಿಕ್ಕಿ ಬಿಕ್ಕಿ ಅತ್ತರು. ಅಕ್ಕ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಮುಂದಿನ ಬಟ್ಟೆಯನ್ನು ಎಡಗೈಯಲ್ಲಿ ಮಡಚತೊಡಗಿದರು.

ಮರುದಿನವೇ ಅವರ ಗೇಟಿಗೆ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗು, ಚಿಲಕ ಬಂತು. ಗಿರಾಕಿಗಳು ಹೊರಗಿನಿಂದಲೇ ಕರೆಯಲು ಗಂಟೆ ಬಂತು. ಪಶುವೈದ್ಯರು ಪೈಲ್ವಾನನಿಗೆ ಲಸಿಕೆ ಹಾಕಿದರು. ನಾಯಿ ತರಬೇತಿ ಗೊತ್ತಿದ್ದವರೊಬ್ಬರ ಹತ್ತಿರ ಬೀಗದಣ್ಣ ವಾರಕ್ಕೆ ಎರಡು ಸಲ ಹೋಗಿ ಕಲಿತರು. ಈಗ ಪೈಲ್ವಾನ ಬೀದಿಗೆ ಬರುವುದು ಬಾಯಿಗೆ ಜಾಲರಿ ಕಟ್ಟಿಕೊಂಡು, ಗಿಡ್ಡ ಹಗ್ಗದಲ್ಲಿ, ಯಜಮಾನರ ಪಕ್ಕದಲ್ಲಿ. ಎದುರಿಗೆ ಯಾರಾದರೂ ಬಂದರೆ ಬೀಗದಣ್ಣನೇ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಎಲ್ಲವೂ ಸರಿಯಾಯಿತು. ಚಿಲಕ, ಲಸಿಕೆ, ಹಗ್ಗ, ಇಷ್ಟು ಮಾಡಲು ಅವರಿಗೆ ಬೇಕಾದದ್ದು ಒಂದೇ ವಾರ.

ಟೈಲರ್ ಅಕ್ಕ ಈಗ ಬೇರೆಯವರು ಕತ್ತರಿಸಿ ಕೊಟ್ಟ ಬಟ್ಟೆಗೆ ಅಂಚು ಹೊಲಿಯುತ್ತಾರೆ.

ಈಗ ನಿಮ್ಮ ಹತ್ತಿರ ಎರಡು ಮಾತು. ನಾಯಿ ಮೇಲೆರಗಿ ಬಂದರೆ ಓಡಬೇಡಿ, ಕಿರುಚಬೇಡಿ, ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ನಿಂತು, ಚೀಲವೋ ಕೊಡೆಯೋ ಇದ್ದರೆ ನಡುವೆ ಹಿಡಿದು, ನಿಧಾನವಾಗಿ ಹಿಂದೆ ಸರಿಯಿರಿ. ಕಚ್ಚಿದರೆ, ಪರಚಿದರೂ ಸರಿ, ಕೂಡಲೇ ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ನಿಮ್ಮ ಬೀದಿಯಲ್ಲಿ ಇಂಥ ನಾಯಿ ಇದ್ದರೆ ಯಜಮಾನರಿಗೆ ಹೇಳಿ. ಕೇಳದಿದ್ದರೆ ನಾಲ್ಕು ಜನ ಸೇರಿ ಅರ್ಜಿ ಕೊಡಿ. ನನ್ನ ಹಾಗೆ ಎರಡು ಸಾಲು ಬರೆದು ಮಡಚಿಡಬೇಡಿ.

ಇನ್ನು ನಾಯಿ ಸಾಕಿದವರೇ, ನಿಮ್ಮ ನಾಯಿ ನಿಮಗೆ ಏನೂ ಮಾಡುವುದಿಲ್ಲ, ಒಪ್ಪಿದೆ. ಅದಕ್ಕೆ ಲಸಿಕೆ ಹಾಕಿಸಿ, ಹಗ್ಗ ಹಿಡಿಯಿರಿ, ಗೇಟು ಹಾಕಿ. ಆಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮನೆ ಮುಂದೆ ಓಡಾಡುವುದನ್ನು ಬಿಟ್ಟವರು ಯಾರಾದರೂ ಇದ್ದಾರೆಯೇ ಎಂದು ಯೋಚಿಸಿ. ಅವರಾಗಿ ಬಂದು ಹೇಳುವುದಿಲ್ಲ. ಇವತ್ತೇ ಹೋಗಿ ನೀವೇ ಕೇಳಿ.