ಸೋದರಮಾವನ ತೊಡೆ

ನವೀನನಿಗೆ ಕೋರ್ಟೆಂದರೆ ಮೈಯೆಲ್ಲ ಉರಿ. ಪುಕ್ಕಟೆ ವಕೀಲರೆಂದರೆ ಇನ್ನೂ ಉರಿ. ಅಕ್ಕ ಮಾಧುರಿಯ ಡೈವೋರ್ಸು ನಡೆದಿತ್ತು. ಐದು ವರ್ಷದ ಗಾರ್ಗಿ ಯಾರ ಬಳಿ ಇರಬೇಕೆಂಬುದು ಇವತ್ತು ಅಮೆರಿಕದ ಸ್ಯಾನ್ ಹೊಸೆಯ ಫ್ಯಾಮಿಲಿ ಕೋರ್ಟಿನಲ್ಲಿ ತೀರ್ಮಾನವಾಗಬೇಕಿತ್ತು. ಭಾವ ಕಿರಣಕುಮಾರನ ಕಡೆ ನೀಲಿ ಸೂಟಿನ ದುಬಾರಿ ವಕೀಲ. ಇವರ ಕಡೆ ಮೈಸೂರಿನ ಹರಿಪ್ರಿಯಾ. ವಾರವೆಲ್ಲ ಕಂಪನಿಗಳ ಪೇಟೆಂಟು ನೋಡಿಕೊಂಡು, ಬಿಡುವಿದ್ದಾಗ ಕೈಲಾಗದವರ ಪರ ಬಿಟ್ಟಿಯಾಗಿ ನಿಲ್ಲುವಾಕೆ.

"ಖರೇ ಹೇಳ್ರಿ ಮೇಡಂ, ಇಂಥಾ ಕೇಸು ಎಷ್ಟ ಗೆದ್ದೀರಿ?"

"ಇದು ಎರಡನೇದು. ಮೊದಲನೇದು ಇನ್ನೂ ನಡೀತಿದೆ," ಹರಿಪ್ರಿಯಾ ನಕ್ಕಳು. "ನೀವು ಒಳಗಡೆ ಬಾಯಿ ಬಿಡ್ಬೇಡಿ, ಅಷ್ಟು ಸಾಕು."

"ಅವರು ಸುಳ್ಳ ಹೇಳಿದ್ರ?"

"ಆಗಂತೂ ಬಿಡಲೇಬೇಡಿ."

ಒಳಗೆ ನೀಲಿ ಸೂಟು ಪರದೆಯ ಮೇಲೆ ಒಂದು ಫೋಟೋ ತೋರಿಸಿದ. ಗಾರ್ಗಿ ಬಾಯಿ ತೆರೆದು ಅಳುತ್ತಿದ್ದಳು. ನವೀನ ಅವಳನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದಿದ್ದ. ಪಕ್ಕದಲ್ಲಿ ಯಾರದೋ ಕೈ, ಕೈಯಲ್ಲಿ ಸೂಜಿ.

"ಈ ಮನುಷ್ಯ ಮಗುವಿನ ತಾಯಿಯ ಮನೆಯಲ್ಲೇ ಇದ್ದಾನೆ. ಅಲ್ಲಿ ಮಗು ಕ್ಷೇಮವೇ?"

ನ್ಯಾಯಾಧೀಶೆಯ ಹುಬ್ಬು ಗಂಟಿಕ್ಕಿತು.

ನವೀನನ ಸಿಟ್ಟು ನೆತ್ತಿಗೇರಿತು. ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆ ಬಿಟ್ಟು ಇನ್ನೆಲ್ಲಿ ಕೂರಬೇಕು? ಎಲ್ಲ ಗೊತ್ತಿದ್ದೂ ತಲೆತಗ್ಗಿಸಿ ಕೂತಿದ್ದಾನಲ್ಲ ಭಾವ! ನವೀನ ಅರ್ಧ ಎದ್ದೇಬಿಟ್ಟ. ಹರಿಪ್ರಿಯಾ ಹಿಂದಿರುಗಿ ನೋಡಿದಳು. ಆ ನೋಟಕ್ಕೆ ಅವನ ಕುಂಡಿ ತಾನಾಗಿ ಬೆಂಚಿಗೆ ಅಂಟಿತು.

ಅವಳು ಕಿರಣಕುಮಾರನತ್ತ ತಿರುಗಿ ಇಂಗ್ಲಿಷಿನಲ್ಲಿ ಕೇಳತೊಡಗಿದಳು. "ನಿಮ್ಮ ಕಿವಿಯಲ್ಲೂ ತೂತಿನ ಗುರುತಿದೆಯಲ್ಲ?"

ಅವನ ಕೈ ಕಿವಿಗೆ ಹೋಯಿತು. "ಇದೆ."

"ಚುಚ್ಚುವಾಗ ಯಾರ ತೊಡೆಯ ಮೇಲಿದ್ದಿರಿ?"

"ಸೋದರಮಾವನ ತೊಡೆ. ನಮ್ಮಲ್ಲಿ ಅದು ಮಾವನ ಹಕ್ಕು."

"ಅತ್ತಿರಾ?"

"ಓಣಿಗೆಲ್ಲ ಕೇಳುವ ಹಾಗೆ. ಮಾವ ಬಾಯಿಗೆ ಪೇಡೆ ತುರುಕಿದ ಮೇಲೆ ಸುಮ್ಮನಾದೆ." ಹೇಳುತ್ತ ಹೇಳುತ್ತ ನಕ್ಕೇಬಿಟ್ಟ.

"ಈ ಮಾವನನ್ನು ಕಂಡರೆ ನಿಮ್ಮ ಮಗಳು ಹೆದರುತ್ತಾಳೆಯೇ?"

ಕಿರಣಕುಮಾರ ತನ್ನ ವಕೀಲನ ಮುಖ ನೋಡಲಿಲ್ಲ. "ಇಲ್ಲ. ಅವನ ಹೆಗಲಿಂದ ಇಳಿಯುವುದೇ ಇಲ್ಲ."

ಪರದೆಯ ಮೇಲಿನ ಫೋಟೋ ಸದ್ದಿಲ್ಲದೆ ಮಾಯವಾಯಿತು. ಗಾರ್ಗಿ ತಾಯಿಯ ಬಳಿಯೇ ಇರಲಿ, ವಾರಾಂತ್ಯಕ್ಕೆ ತಂದೆಯ ಮನೆಗೆ ಹೋಗಲಿ ಎಂದು ಆದೇಶವಾಯಿತು.

ಹೊರಗೆ ಕಿರಣಕುಮಾರ ಹತ್ತಿರ ಬಂದ. "ನವೀನಾ, ವಕೀಲ ಆ ಫೋಟೋ ಹಿಂಗ ತೋರಸ್ತಾನಂತ ನನಗ ಗೊತ್ತಿರಲಿಲ್ಲೋ."

"ಗೊತ್ತಿದ್ರ ಏನ್ ಮಾಡ್ತಿದ್ರಿ ಭಾವಾ? ಮತ್ತೊಮ್ಮೆ ಕಿವಿ ಚುಚ್ಚಿಸ್ಕೋತಿದ್ರೇನು?"

ಮಾಧುರಿಗೂ ನಗು ತಡೆಯಲಾಗಲಿಲ್ಲ.

ಕೋರ್ಟಿನ ಮಕ್ಕಳ ಕೋಣೆಯಿಂದ ಓಡಿಬಂದ ಗಾರ್ಗಿ ನವೀನನ ಹೆಗಲೇರಿದಳು. "ಮಾಮಾ, ಡಿಡ್ ಯೂ ಯೆಲ್?"

"ಒಂದಕ್ಷರಾನೂ ಕೂಗಿಲ್ಲ ಪುಟ್ಟಿ," ಎಂದಳು ಹರಿಪ್ರಿಯಾ.

"ಅದಕ್ಕ ಹೊಟ್ಟಿ ಉಬ್ಬೇತ್ರಿ ಮೇಡಂ! ಈಗರೆ ಒಮ್ಮೆ ಒದರ್ಲೇನು?"

"ಕಾರು ಫ್ರೀವೇ ಹತ್ತಿದ್ಮೇಲೆ. ಕಿಟಕಿ ಹಾಕ್ಕೊಂಡು."

ಗಾರ್ಗಿ ಆಗಲೇ ಎರಡೂ ಕೈಯಿಂದ ತನ್ನ ಓಲೆಗಳನ್ನು ಮುಚ್ಚಿಕೊಂಡಿದ್ದಳು.